ಗಡಿ ದಾಟಿದ ಮಾಮಾನ ಸ್ಕೂಟರು

ನಾನು ಡಿಗ್ರಿ ಮುಗಿಸುವುದು ಸಾಧ್ಯವೇ ಇಲ್ಲ ಎಂದು ಹೇಳಿದವನು ನನ್ನ ಸೋದರಮಾವ. ಹೇಳಿ ಸುಮ್ಮನಾದನೇ? ಸುಮ್ಮನಾಗುವ ಆಸಾಮಿಯೇ ಅಲ್ಲ ಅವನು! ಮೊದಲ ವರ್ಷ ನಾನು ಇಂಗ್ಲಿಷಿನಲ್ಲಿ ಫೇಲಾದ ದಿನ, "ನಮ್ಮ ಮನಿತನದಾಗ ಡಿಗ್ರಿ ಅನ್ನೋದು ಆಗೋ ಮಾತಲ್ಲ" ಎಂದು ಟೈಪು ಮಾಡಿ, ಅಳುವ ಮುಖಗಳನ್ನು ಸಾಲಾಗಿ ಅಂಟಿಸಿ, ಮನೆಮಂದಿಯ ಗ್ರೂಪಿಗೆ, ಅಕ್ಕಿಗಿರಣಿಯ ಗ್ರೂಪಿಗೆ, ಭಜನಾ ಮಂಡಳಿಯ ಗ್ರೂಪಿಗೆ ಕಳಿಸಿಬಿಟ್ಟ. ರಾಯಚೂರಿನ ಹಾಸ್ಟೆಲಿನಲ್ಲಿ ಕೂತು ನಾನು ಅತ್ತು ಮುಗಿಸುವಷ್ಟರಲ್ಲಿ ದೇವದುರ್ಗದ ಬೀಗರು ಫೋನು ಮಾಡಿ ಸಮಾಧಾನ ಹೇಳಿದರು. ಆದರೆ ಒಂದು ಮಾತು ಒಪ್ಪಲೇಬೇಕು. ಮಾಮಾ ಅಲ್ಲಿಯವರೆಗೆ ಕಳಿಸಿದ್ದರಲ್ಲಿ ನಿಜವಾದ ಸುದ್ದಿ ಅದೊಂದೇ!

ಮಾಮಾ ಮಾನ್ವಿಯ ಒಂದು ಅಕ್ಕಿಗಿರಣಿಯಲ್ಲಿ ಭತ್ತ ನೋಡುವ ಕೆಲಸದವನು. ಲಾರಿ ಬಂದು ನಿಂತರೆ ಚೂಪು ತುದಿಯ ಕಬ್ಬಿಣದ ಕೊಳವೆಯನ್ನು ಚೀಲದ ಹೊಟ್ಟೆಗೆ ಚುಚ್ಚುತ್ತಾನೆ. ಒಳಗಿನ ಕಾಳು ಅಂಗೈಗೆ ಸುರಿದುಕೊಂಡು, ಉಜ್ಜಿ, ಊದಿ, ಒಂದನ್ನು ಹಲ್ಲಿನಲ್ಲಿ ಕಚ್ಚಿ, "ಮ್ಯಾಲ ಚಲೋ ಅದ, ಒಳಗ ಹಸಿ ಅದ. ಹೊಳ್ಳಿ ಒಯ್ರಿ" ಎಂದುಬಿಡುತ್ತಾನೆ. ಅವನ ಕಣ್ಣು ತಪ್ಪಿಸಿ ಹಸಿ ಭತ್ತ ಒಳಗೆ ಹೋದದ್ದೇ ಇಲ್ಲ. ಅದೇ ಮನುಷ್ಯ, ಫೋನಿಗೆ ಸುದ್ದಿ ಬಂದರೆ ಚೀಲದ ಬಾಯಿ ಕೂಡ ಬಿಚ್ಚುವುದಿಲ್ಲ. ಬಂದದ್ದು ಬಂದ ಹಾಗೇ ಮುಂದಕ್ಕೆ!

ಇನ್ನು ಗಡಿಯಲ್ಲಿ ಗುಂಡಿನ ಸದ್ದು ಶುರುವಾದ ಆ ವಾರ ಕೇಳಬೇಕೆ? ಎದುರಿಗೆ ಟಿವಿ, ಕೈಯಲ್ಲಿ ಫೋನು. ಟಿವಿಯಲ್ಲಿ ಬಂದದ್ದನ್ನು ಫೋನಿನಲ್ಲಿ ಹಿಡಿದು ಗ್ರೂಪಿಗೆ ಕಳಿಸುವುದು, ಗ್ರೂಪಿನಲ್ಲಿ ಬಂದದ್ದನ್ನು ಯಾಕೆ ತೋರಿಸುತ್ತಿಲ್ಲವೆಂದು ಟಿವಿಗೆ ಬೈಯುವುದು. ಊಟವೂ ಅಲ್ಲೇ.

"ಟಿವಿಯವ್ರು ತಂಪಾಗಿ ಕುಂತು ಹೇಳ್ತಾರ. ಈ ವಿಡಿಯೋ ಅಲ್ಲೇ ಇದ್ದವ್ರು ತಗದದ್ದು. ಇದು ಖರೆ" ಎಂದು ನನಗೆ ಫೋನಿನಲ್ಲೇ ಪಾಠ ಮಾಡಿದ.

"ಅಲ್ಲೇ ಇದ್ದವ್ರು ಅಂತ ನಿನಗ ಹ್ಯಾಂಗ ಗೊತ್ತು ಮಾಮಾ?"

"ಚಿತ್ರ ಅಳ್ಳಾಡಾಕತ್ತದಲ್ಲ ಬೇ! ಸುಳ್ಳು ತಗಿಯವನ ಕೈ ಯಾಕ ನಡಗ್ತದ?"

ಒಂದು ಸಂಜೆ, ಗಡಿಯ ಊರುಗಳಲ್ಲಿ ದೀಪ ಆರಿಸಬೇಕು ಎಂಬ ಸಂದೇಶ ಬಂತು. ಮಾಮಾ ಕೂಡಲೇ ದೇವದುರ್ಗದ ಹತ್ತಿರದ ಜಾಲಹಳ್ಳಿಯಲ್ಲಿರುವ ನಮ್ಮ ಅಜ್ಜಿಗೆ ಫೋನು ಹಚ್ಚಿದ. "ಯವ್ವಾ, ಲೈಟ್ ಬಂದ್ ಮಾಡು. ವಿಮಾನ ಬರಾಕತ್ತಾವ!"

ಅಜ್ಜಿ ಆ ಕಡೆಯಿಂದ, "ನಮ್ಮೂರಾಗ ದಿನಾ ಕರೆಂಟ್ ಹೋಗ್ತದಲ್ಲೋ. ಇಷ್ಟು ದಿನ ಯಾರ ಜೋಡಿ ಯುದ್ಧ ನಡದಿತ್ತು?" ಎಂದಳು. ಮಾಮಾ ಫೋನು ಇಟ್ಟ.

ಮರುದಿನವೇ ಅವನ ಜೀವನದ ದೊಡ್ಡ ಸುದ್ದಿ ಬಂತು. ಟಿವಿಯಲ್ಲಿ "ಶತ್ರುವಿನ ಊರು ಹೊತ್ತಿ ಉರಿಯುತ್ತಿದೆ" ಎಂದು ಕೂಗುತ್ತಿದ್ದರು. ಆಕಾಶಕ್ಕೆ ಬೆಂಕಿ, ಹೊಗೆ, ಮೂಲೆಯಲ್ಲೊಂದು "ಶಂಕಿತ ವಾಹನ", ಅದರ ಸುತ್ತ ಕೆಂಪು ಗೆರೆ. ಈ ವಿಡಿಯೋವನ್ನು ಮಾಮಾ ಬೆಳಿಗ್ಗೆಯೇ ಎರಡು ಸಲ ಎಲ್ಲ ಗ್ರೂಪಿಗೂ ಕಳಿಸಿದ್ದ. ಭಾನುವಾರವೆಂದು ಮಾನ್ವಿಗೆ, ಅವನ ಮನೆಗೆ ಬಂದಿದ್ದ ನಾನು ಆ ವಾಹನವನ್ನೇ ನೋಡಿದೆ. ಹರಿದ ಸೀಟು, ಅದರ ಮೇಲೆ ಮಡಚಿ ಹಾಸಿದ ಗೋಣಿಚೀಲ.

"ಮಾಮಾ, ಅದು ನಿನ್ನ ಸ್ಕೂಟರ್ ಅಲ್ಲೇನು?"

ಹೌದು! ಹಿಂದಿನ ಬೇಸಿಗೆಯಲ್ಲಿ ಗಿರಣಿಯ ಹಿಂದೆ ಹೊಟ್ಟಿನ ರಾಶಿಗೆ ಬೆಂಕಿ ಬಿದ್ದಾಗ ಮಾಮಾನೇ ತೆಗೆದು ಹಂಚಿದ್ದ ವಿಡಿಯೋ ಅದು. ಎಲ್ಲೆಲ್ಲೋ ತಿರುಗಿ, ಗಡಿ ದಾಟಿ, ಹೊಸ ಹೆಸರಿಟ್ಟುಕೊಂಡು ಮನೆಗೆ ಮರಳಿತ್ತು. ಮಾಮಾನ ಹೆಂಡತಿ, ನಮ್ಮ ಅತ್ತಿ, ಅಡುಗೆಮನೆಯಿಂದ ಇಣುಕಿ, "ಪೆಟ್ರೋಲ್ ಯಾಕ ಉಳಿವಲ್ದು ಅಂತ ಈಗ ತಿಳೀತು. ಅಲ್ಲೀತನ ಹೋಗಿ ಬರಾಕತ್ತದ!" ಎಂದಳು.

ನಾನು ಹೊಟ್ಟೆ ಹಿಡಿದು ನಕ್ಕೆ. ನಕ್ಕವಳಿಗೆ ಏನಾಯಿತು ಕೇಳಿ.

ಮೂರು ದಿನ ಬಿಟ್ಟು ನನ್ನ ಕೊನೆಯ ಪರೀಕ್ಷೆ. ಅದೇ ಇಂಗ್ಲಿಷು! ಇನ್ನೊಂದು ಅವಕಾಶವಿರಲಿಲ್ಲ, ತಪ್ಪಿದರೆ ಡಿಗ್ರಿಯೇ ಇಲ್ಲ. ಆ ದಿನ ಬೆಳಿಗ್ಗೆ ಹಾಸ್ಟೆಲಿನಲ್ಲಿ ಕೂತಿದ್ದಾಗ ಮಾಮಾನಿಂದ ಸಂದೇಶ ಬಂತು. ಟಿವಿಯವರ ಗುರುತು, ದಪ್ಪ ಅಕ್ಷರ: ಯುದ್ಧದ ಕಾರಣ ಎಲ್ಲ ಪರೀಕ್ಷೆಗಳು ರದ್ದು. ನಾನು ನಂಬಿದೆ. ಸ್ಕೂಟರು ನೋಡಿ ನಕ್ಕಿದ್ದ ನಾನೇ ನಂಬಿದೆ! ಆ ಪೇಪರಿಗೆ ಎಷ್ಟು ಹೆದರಿದ್ದೆನೆಂದರೆ, ರದ್ದಾಗಲಿ ಎಂದು ಮನಸ್ಸು ಮೊದಲೇ ಬೇಡಿಕೊಂಡಿತ್ತು. ತನಗೆ ಬೇಕಾದ ಸುದ್ದಿಗೆ ಕೊಳವೆ ಚುಚ್ಚಿ ನೋಡುವವರು ಯಾರಿದ್ದಾರೆ? ಯಾರನ್ನೂ ಕೇಳದೆ ಮಾನ್ವಿಯ ಬಸ್ಸು ಹತ್ತಿ, ಗಿರಣಿಯ ಮುಂದೆ ಇಳಿದೆ. ಮಾಮಾ ಲಾರಿಯ ಪಕ್ಕ ನಿಂತಿದ್ದ.

"ಯಾಕ ಬಂದಿ ಬೇ? ಇವತ್ತ ಪರೀಕ್ಷಾ ಅಲ್ಲೇನು?"

"ರದ್ದಾತಲ್ಲ."

"ಯಾರು ಹೇಳಿದ್ರು?"

"ನೀನ!"

ಕೊಳವೆ ಅವನ ಕೈಯಿಂದ ಕೆಳಗೆ ಬಿತ್ತು. "ನಾ ಕಳಿಸಿದ್ದು ನೀ ನಂಬಿದಿ? ನಮ್ಮ ಮನ್ಯಾಗ ಯಾರೂ ನಂಬಂಗಿಲ್ಲಲ್ಲ ಬೇ! ಅದನ್ನ ನಾನು ಪೂರ್ತಿ ಓದಿಲ್ಲ!"

ಕಾಲೇಜಿಗೆ ಫೋನು ಮಾಡಿದೆ. ರದ್ದಾದದ್ದು ಗಡಿಯ ಊರುಗಳಲ್ಲಿ. ನಮ್ಮದು ಮಧ್ಯಾಹ್ನ ಎರಡಕ್ಕೆ ಇದ್ದೇ ಇದೆ. ಮುಂದಿನ ಬಸ್ಸಿಗೆ ಕಾಯುವ ಹೊತ್ತಿರಲಿಲ್ಲ. ಮಾಮಾ ಸ್ಕೂಟರಿನ ಕಿಕ್ಕು ಒದ್ದ. ಟಿವಿಯಲ್ಲಿ ಶತ್ರುವಿನ ಊರಿನಲ್ಲಿ ನಿಂತಿದ್ದ ಅದೇ ಸ್ಕೂಟರು! ರಾಯಚೂರು ಮುಟ್ಟುವವರೆಗೂ ಅವನ ತಲೆಯ ಮೇಲಿನ ಭತ್ತದ ಹೊಟ್ಟು ಹಾರಿ ನನ್ನ ಕಣ್ಣಿಗೆ ಬೀಳುತ್ತಿತ್ತು. ಅವನ ಜೇಬಿನೊಳಗೆ ಫೋನು ಟಿಂಗ್ ಟಿಂಗ್ ಎನ್ನುತ್ತಲೇ ಇತ್ತು. ಒಂದು ಸಲವೂ ಕೈ ಹಾಕಲಿಲ್ಲ. ಗಂಟೆ ಹೊಡೆಯುವಾಗ ನಾನು ಒಳಗೆ ಓಡಿದೆ.

ಮೂರು ತಾಸು ಬರೆದು ಹೊರಬಂದರೆ ಮಾಮಾ ಗೇಟಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತಿದ್ದ. ಫೋನು ಬಂದ್ ಮಾಡಿದ್ದ.

"ಬರದಿ?"

"ಬರದೆ."

"ಖರೆ?"

"ಖರೆ ಮಾಮಾ."

ಡಿಗ್ರಿ ಸರ್ಟಿಫಿಕೇಟು ಬಂದ ದಿನ ಅದನ್ನು ಮೊದಲು ಅವನ ಕೈಗೇ ಕೊಟ್ಟೆ. ಬೆಳಕಿಗೆ ಹಿಡಿದು ನೋಡಿದ. ಮುದ್ರೆಯ ಮೇಲೆ ಹೆಬ್ಬೆರಳು ಆಡಿಸಿದ. ಹಿಂದೆ ತಿರುಗಿಸಿ ನೋಡಿದ. ಭತ್ತ ನೋಡುವವನ ಹಾಗೆ. ನಮ್ಮವ್ವ ನಗುತ್ತಾ, "ಫೋಟೋ ಹೊಡದು ನಿನ್ನ ಗ್ರೂಪಿಗೆಲ್ಲ ಹಾಕೋ ತಮ್ಮಾ" ಎಂದಳು.

ಮಾಮಾ ಸರ್ಟಿಫಿಕೇಟನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಅಂಗಿಯೊಳಗೆ ಎದೆಗೆ ಹತ್ತಿಸಿಕೊಂಡು, ಗುಂಡಿ ಹಾಕಿಕೊಂಡ.

"ಬ್ಯಾಡಕ್ಕ. ನಾ ಫೋನಿನಾಗ ಕಳಿಸಿದ್ರ ಇದನ್ನೂ ಸುಳ್ಳಂತಾರ. ಇದು ಖರೆ ಅದ. ಜಾಲಹಳ್ಳಿಗೆ ನಾನ ಒಯ್ದು ಯವ್ವನ ಕೈಯಾಗ ಕೊಟ್ಟು ಬರ್ತೀನಿ."