ದೊಡ್ಡಪ್ಪನ ಇದ್ದಿಲು ಬಸ್ಸು

ಮರಗಳ ವಿಷಯದಲ್ಲಿ ನಮ್ಮ ದೊಡ್ಡಪ್ಪನಷ್ಟು ತಿಳಿದವರು ಮೈಸೂರು ಸಂಸ್ಥಾನದಲ್ಲೇ ಇನ್ನೊಬ್ಬರಿರಲಿಲ್ಲ. ಮಧುಗಿರಿಯಿಂದ ಪಾವಗಡದವರೆಗೆ ರಸ್ತೆ ಪಕ್ಕದ ಹುಣಸೆ ಮರಗಳಲ್ಲಿ ಯಾವುದರ ಬೊಡ್ಡೆ ದಪ್ಪ, ಯಾವುದರ ಹಿಂದೆ ನಿಂತರೆ ಬಸ್ಸಿನವರಿಗೆ ಕಾಣುವುದಿಲ್ಲ ಎಂಬುದೆಲ್ಲ ಅವರಿಗೆ ಬಾಯಿಪಾಠ. ಈ ಪಾಂಡಿತ್ಯ ಬಂದದ್ದು ಹೇಗೆಂದು ಕೇಳುವ ಎದೆಗಾರಿಕೆ ಮನೆಯಲ್ಲಿ ಯಾರಿಗಿತ್ತು?

ಅವರದು ದವಸದ ಮಂಡಿ. ರಾಗಿ ಕೊಳ್ಳಲು ವಾರಕ್ಕೊಮ್ಮೆ ಪಾವಗಡಕ್ಕೆ ಹೋಗಬೇಕು, ಜೊತೆಗೆ ನಾನು. ಯುದ್ಧದ ಕಾಲ, ಪೆಟ್ರೋಲಿಗೆ ಬರ. ಬಸ್ಸುಗಳು ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದವು. ಬೆನ್ನಿಗೆ ಕಟ್ಟಿದ ಒಲೆಗೆ ಇದ್ದಿಲು ತುಂಬಲು ಆಗಾಗ ನಿಲ್ಲಲೇಬೇಕು. ಊರೆಲ್ಲ ಬೈಯುತ್ತಿದ್ದ ಈ ಬಸ್ಸನ್ನು ಹೊಗಳುತ್ತಿದ್ದವರು ದೊಡ್ಡಪ್ಪ ಒಬ್ಬರೇ.

"ಪೆಟ್ರೋಲ್ ಬಸ್ಸಿಗೆ ಮನುಷ್ಯನ ಕಷ್ಟ ತಿಳಿಯಾಕಿಲ್ಲ ಕಣ್ಲಾ" ಎನ್ನುತ್ತಿದ್ದರು.

ಮಿಡಿಗೇಶಿ ದಾಟಿದ ಕೂಡಲೇ ಡ್ರೈವರಿಗೆ, "ಸಾಬ್ರೇ, ಯಾಕೋ ಬೆಂಕಿ ಸಾಲ್ದು" ಎಂದು ಕೂಗುವರು. ಸಾಬರು ನಿಲ್ಲಿಸುವರು. ದೊಡ್ಡಪ್ಪ ಮರದ ಹಿಂದೆ ಹೋಗಿ ಬರುವಷ್ಟರಲ್ಲಿ ಒಲೆಗೆ ಎರಡು ಸಲ ಇದ್ದಿಲು ತುಂಬಬಹುದಿತ್ತು.

ಒಂದು ದಿನ ಮೂತ್ರ ಪೂರಾ ಕಟ್ಟಿಕೊಂಡಿತು. ಆಸ್ಪತ್ರೆಗೆ ಹೊತ್ತುಕೊಂಡು ಹೋದೆವು. ಡಾಕ್ಟರು ನಳಿಗೆ ಹಾಕಿ ಇಳಿಸಿದರು. ಆಮೇಲೆ, ಹಿಂದಿನಿಂದ ಬೆರಳು ಹಾಕಿ ಮೂತ್ರಕೋಶದ ಬುಡದ ಗ್ರಂಥಿಯನ್ನು ಮುಟ್ಟಿ ನೋಡಬೇಕು ಎಂದರು. ದೊಡ್ಡಪ್ಪ ಮಂಚದ ಮೇಲೆ ಪದ್ಮಾಸನ ಹಾಕಿ ಕುಳಿತುಬಿಟ್ಟರು. ಆ ಆಸನಕ್ಕೆ ವೈದ್ಯಶಾಸ್ತ್ರದಲ್ಲಿ ಉತ್ತರವಿಲ್ಲ.

"ನಾನು ಮಂಡಿ ಯಜಮಾನ. ಬುಟ್ಬುಡಿ."

"ಯಜಮಾನ್ರೇ, ಸಂತೇಲಿ ರಾಗಿ ಮೂಟೆ ಬಿಚ್ಚಿಸಿ ನೋಡ್ತೀರಾ?"

"ಯಾಕೆ ಬಿಚ್ಚಿಸ್ಲಿ? ಕಬ್ಬಿಣದ ಕೊಳವೆ ಚುಚ್ಚಿ ಮಾದರಿ ತೆಗೀತೀನಿ."

"ಮೂಟೆ ಬೇಡ ಅನ್ನುತ್ತಾ?"

ನಲವತ್ತು ವರ್ಷ ಸೀಮೆಯ ಮೂಟೆಗಳನ್ನೆಲ್ಲ ಚುಚ್ಚಿದವರು ಪದ್ಮಾಸನ ಬಿಚ್ಚಿ ಮಗ್ಗುಲಾದರು. ಪರೀಕ್ಷೆ ಮುಗಿದ ಮೇಲೆ ಮಂಡಿಯ ದನಿಯಲ್ಲೇ ಕೇಳಿದರು, "ಮಾಲು ಹೆಂಗದೆ?"

"ಮೆತ್ತಗಿರಬೇಕಾದ್ದು ಕಲ್ಲಾಗಿದೆ. ಕ್ಯಾನ್ಸರ್ ಅನ್ನಿಸುತ್ತೆ. ಮೊದಲೇ ಬರಬೇಕಿತ್ತು."

ಬೆಂಗಳೂರಿನಲ್ಲಿ ಹೊಸ ಚಿಕಿತ್ಸೆಯೊಂದಿತ್ತು. ಬೀಜ ತೆಗೆದರೆ ಗಡ್ಡೆಗೆ ಪುಷ್ಟಿ ತಪ್ಪಿ ಕುಗ್ಗುತ್ತದೆ, ಗುಣವಾಗದಿದ್ದರೂ ಕೆಲವು ವರ್ಷ ಸಿಗಬಹುದು ಎಂದರು. ನಾಲ್ಕನೆಯ ದಿನ ದೊಡ್ಡಪ್ಪನೇ ಹೇಳಿದರು: "ಹೋರಿಗಿಂತ ಎತ್ತೇ ಬಾಳಿಕೆ ಬರೋದು ಅಂತ ಊರಿಗೆಲ್ಲ ಹೇಳ್ದೋನು ನಾನು. ಈಗ ಹೆಂಗೆ ಮಾತು ತಪ್ಲಿ?"

ದೊಡ್ಡಮ್ಮ ವಿಭೂತಿ ಗಟ್ಟಿಯನ್ನು ಅವರ ಕೈಗಿಟ್ಟು, "ಏನಾದ್ರೂ ತೆಗೀಲಿ, ನೀವು ವಾಪಸ್ ಬನ್ನಿ" ಎಂದರು.

ಬಂದರು. ಎರಡೂವರೆ ವರ್ಷ ಇದ್ದರು. ಮಂಡಿಗೆ ಬಂದ ಮುದುಕರನ್ನೆಲ್ಲ, "ರಾತ್ರಿ ಎಷ್ಟು ಸಲ ಏಳ್ತೀಯ? ನಾಚ್ಕೋಬ್ಯಾಡ, ನಾನು ನಾಚ್ಕೊಂಡೇ ಕೆಟ್ಟೆ" ಎಂದು ವಿಚಾರಿಸುತ್ತಿದ್ದರು. ಉತ್ತರ ಹೇಳದವರ ರಾಗಿಗೆ ತಕ್ಕಡಿ ಏಳುತ್ತಿರಲಿಲ್ಲ.

ಅವರು ಲಿಂಗೈಕ್ಯರಾದ ಮೇಲೆ ಪಾವಗಡದ ನೆಂಟರಿಗೆ ತಿಳಿಸಲು ನಾನೊಬ್ಬನೇ ಹೊರಟೆ. ಯುದ್ಧ ಮುಗಿದು ಬಸ್ಸು ಪೆಟ್ರೋಲಿನದಾಗಿತ್ತು. ಮಿಡಿಗೇಶಿ ದಾಟಿ, ದಪ್ಪ ಬೊಡ್ಡೆಯ ಹುಣಸೆ ಮರದ ಹತ್ತಿರ ಸಾಬರು ನಿಲ್ಲಿಸಿದರು. ಯಾರೂ ಕೇಳಿರಲಿಲ್ಲ. ಯಾರೂ ಇಳಿಯಲಿಲ್ಲ.

ಸಾಬರು ಹಿಂದಿರುಗಿ ನೋಡದೆ ಹೇಳಿದರು: "ಒಲೇಲಿ ಬೆಂಕಿ ಯಾವತ್ತೂ ಕಮ್ಮಿ ಇರ್ಲಿಲ್ಲ ಕಣಪ್ಪ. ನಂಗೆ ಗೊತ್ತಿತ್ತು. ಆವತ್ತೇ ಬಸ್ಸು ತಿರುಗಿಸಿ ಆಸ್ಪತ್ರೆ ಮುಂದೆ ನಿಲ್ಲಿಸ್ಬೇಕಾಗಿತ್ತು."

ನನಗೂ ಗೊತ್ತಿತ್ತು. ಮರದ ಕಡೆ ಮುಖ ತಿರುಗಿಸಿ ಅತ್ತೆ.