ಸೂಲೂರು ಕೊಳದ ಗೋಕಿಲಾ

ಧರಣಿ: ಹೊಡೀರಿ ಹೊಡೀರಿ ಅಂತ ಅಷ್ಟು ಬಡ್ಕೊಂಡೆ. ನೀವು ಹೊಡೀಲೇ ಇಲ್ಲ.

ತಿರುಮೂರ್ತಿ: ಹೊಡೆದೆ.

ಧರಣಿ: ಗೋಕಿಲಾ ನೀರಿಗೆ ಬಿದ್ಮೇಲೆ ಹೊಡೆದ್ರಿ.

ತಿರುಮೂರ್ತಿ: ಅವಳು ನನ್ನ ಕೇಳ್ಕೊಂಡು ಬೀಳ್ತಾಳಾ?

ಧರಣಿ: ನಾನು ಹೇಳ್ದೆನಲ್ಲ, ಈಗ ಬೀಳ್ತಾಳೆ ಅಂತ!

ತಿರುಮೂರ್ತಿ: ಹೇಳ್ದೆ ಸರಿ. ಹೇಳ್ತಾ ಹೇಳ್ತಾ ನನ್ನ ಮೊಣಕೈ ಯಾಕೆ ತಟ್ಟಿದೆ?

ಧರಣಿ: ಎಬ್ಬಿಸಕ್ಕೆ. ಕಣ್ಣು ಮುಚ್ಚಿದ್ರಿ ನೀವು.

ತಿರುಮೂರ್ತಿ: ಒಂದು ಕಣ್ಣು. ಕ್ಯಾಮೆರಾಕ್ಕೆ ಒಂದು ಕಣ್ಣು ಸಾಕು.

ಗೋಕಿಲಾ ಎಂದರೆ ಸೂಲೂರು ಕೊಳದ ತೂಬಿನ ಮೇಲೆ ಬಂದು ಕೂರುವ ಒಂದು ಕಪ್ಪು ಬಿಳುಪಿನ ಮಿಂಚುಳ್ಳಿ ಹಕ್ಕಿ. ಹೆಸರಿಟ್ಟವಳು ಧರಣಿ. ಗಾಳಿಯಲ್ಲಿ ಒಂದೇ ಕಡೆ ರೆಕ್ಕೆ ಬಡಿಯುತ್ತ ನಿಂತು, ತಟ್ಟನೆ ತಲೆಕೆಳಗಾಗಿ ನೀರಿಗೆ ಬಿದ್ದು, ಮೀನು ಕಚ್ಚಿಕೊಂಡು ಏಳುವ ಆ ಒಂದು ಗಳಿಗೆಯ ಫೋಟೋಕ್ಕಾಗಿ ಗಂಡ ಹೆಂಡತಿ ಮಳೆಗಾಲ ಮುಗಿದಾಗಿನಿಂದ ಒಂದು ಭಾನುವಾರವನ್ನೂ ಬಿಟ್ಟಿರಲಿಲ್ಲ. ಇವತ್ತು ಸಿಕ್ಕಿದ್ದು ಬಾಲ ಮಾತ್ರ. ಅದೂ ಮಸುಕು.

ಅಡುಗೆಮನೆಯಲ್ಲಿ ಸಾಂಬಾರು ಈರುಳ್ಳಿ ಸುಲಿಯುತ್ತ ಕೂತಿದ್ದ ಅತ್ತೆ ಕುಪ್ಪಮ್ಮನವರಿಗೆ ಈ ಹಕ್ಕಿಯ ಪರಿಚಯವಿರಲಿಲ್ಲ. ಮಗ ಸೊಸೆ ಪ್ರತಿ ಭಾನುವಾರ ಬೆಳಕು ಹರಿಯುವ ಮುಂಚೆ ಗಾಡಿ ಹತ್ತುತ್ತಾರೆ, ಬಿಸಿಲೇರಿದ ಮೇಲೆ ಜಗಳವಾಡುತ್ತ ಬರುತ್ತಾರೆ, ಆ ಜಗಳದಲ್ಲಿ ಗೋಕಿಲಾ ಎಂಬ ಹೆಣ್ಣೊಬ್ಬಳು ಓಡಾಡುತ್ತಾಳೆ. ಅವರಿಗೆ ತಿಳಿದಿದ್ದು ಇಷ್ಟೇ. ಅವರಿದ್ದ ತಮಿಳು ಸೀಮೆಯಲ್ಲಿ ಜಗಳಕ್ಕೆ ಸಂಡೈ ಎನ್ನುತ್ತಾರೆ. ಕುಪ್ಪಮ್ಮ ಕುರಿಚಿಯಲ್ಲಿದ್ದ ತಮ್ಮ ಬಾವನಿಗೆ ಫೋನ್ ಮಾಡಿ, "ಸಂಡೆ ಬಂದ್ರೆ ಸಂಡೈ ಬಾವ, ಒಂದ್ಸಲ ಬಂದು ಹೋಗಿ" ಎಂದಿದ್ದರು.

ಬಾವ ಮಾರಿಮುತ್ತು, ತಿರುಮೂರ್ತಿಗೆ ದೊಡ್ಡಪ್ಪ. ಎರಕದ ಕಾರ್ಖಾನೆ ನಡೆಸಿ ಈಗ ಮನೆಯಲ್ಲಿರುವವರು. ಕುಟುಂಬದ ಪಂಚಾಯ್ತಿಗಳೆಲ್ಲ ಅವರವೇ. ಈ ಮನೆಗೂ ಹಿಂದೊಮ್ಮೆ ಬಂದಿದ್ದರು. ಆಗ ಧರಣಿ ಅನ್ನೂರಿನ ತವರಿಗೆ ಹೋಗಿ ಕೂತಿದ್ದಳು. ಯಾಕಮ್ಮ ಎಂದರೆ, "ಅವರು ಮಾತಾಡಲ್ಲ" ಎಂದಿದ್ದಳು. ನಿಜವೇ. ತಿರುಮೂರ್ತಿ ಗಣಪತಿ ಬಡಾವಣೆಯ ತನ್ನ ವರ್ಕ್‌ಶಾಪಿನಲ್ಲಿ ದಿನವಿಡೀ ಪಂಪಿನ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತಿ ಬಂದು, ಉಂಡು, ಮಲಗುವವನು. ಕುಡಿಯುವುದಿಲ್ಲ, ಬೈಯುವುದಿಲ್ಲ, ಮಾತೂ ಆಡುವುದಿಲ್ಲ. "ದಿನಾ ಹೆಂಡತಿ ಹತ್ರ ಏನಾದ್ರೂ ಮಾತಾಡು" ಎಂದು ಮಾರಿಮುತ್ತು ತೀರ್ಪು ಕೊಟ್ಟಿದ್ದರು. ಅಂದಿನಿಂದ ಅವನು ಊಟಕ್ಕೆ ಕೂತಾಗ "ಇವತ್ತು ಬಿಸಿಲು ಜಾಸ್ತಿ" ಎನ್ನುತ್ತಿದ್ದ. ಮಳೆ ಬಂದ ದಿನವೂ ಎನ್ನುತ್ತಿದ್ದ.

ಈಗ ಎರಡು ಬಸ್ಸು ಬದಲಾಯಿಸಿ ಬಂದ ಮಾರಿಮುತ್ತು, ಹೆಗಲ ಟವೆಲ್ ಕೊಡವಿ ಕುರ್ಚಿಯಲ್ಲಿ ಕೂತರು.

ಮಾರಿಮುತ್ತು: ಸುತ್ತಿ ಬಳಸಿ ಮಾತು ಬೇಡ. ಯಾರು ಗೋಕಿಲಾ?

ಧರಣಿಗೆ ಬಲು ಸಂತೋಷವಾಯಿತು. ನೆಂಟರಲ್ಲಿ ಒಬ್ಬರಾದರೂ ಇದುವರೆಗೆ ಈ ವಿಷಯ ಕೇಳಿರಲಿಲ್ಲ. ದೊಡ್ಡ ಮಾವ ಕಾಫಿಗೂ ಮುಂಚೆ ಅದನ್ನೇ ಕೇಳುತ್ತಿದ್ದಾರೆ!

ಧರಣಿ: ನಿಮಗೂ ಗೊತ್ತಾಯ್ತಾ ದೊಡ್ಡ ಮಾವ? ಸೂಲೂರು ಕೊಳದ ಹತ್ರ ಇರ್ತಾಳೆ.

ಮಾರಿಮುತ್ತು: ಮನೆ?

ತಿರುಮೂರ್ತಿ: ದಂಡೆ ಮಣ್ಣಲ್ಲಿ ಒಂದು ತೂತು. ಅದರೊಳಗೇ.

ಮಾರಿಮುತ್ತು: ಅಯ್ಯೋ ಪಾವ. ಅಷ್ಟು ಕಷ್ಟವಾ? ಒಬ್ಳೇನಾ?

ತಿರುಮೂರ್ತಿ: ಜೋಡಿ ಇದ್ದಾನೆ.

ಮಾರಿಮುತ್ತು: ಗಂಡ ಇದ್ದಾನಾ! ನೀನು ಬರೋದು ಅವನಿಗೆ ಗೊತ್ತಾ?

ತಿರುಮೂರ್ತಿ: ಗೊತ್ತು. ಪಕ್ಕದಲ್ಲೇ ಕೂತು ನೋಡ್ತಿರ್ತಾನೆ. ಒಂದೂ ಅನ್ನಲ್ಲ.

ಮಾರಿಮುತ್ತು ಟವೆಲಿನಿಂದ ಕತ್ತು ಒರೆಸಿಕೊಂಡರು.

ಮಾರಿಮುತ್ತು: ಹೊಟ್ಟೆಪಾಡಿಗೆ ಏನು ಮಾಡ್ತಾಳೆ?

ಧರಣಿ: ಮೀನು.

ಮಾರಿಮುತ್ತು: ಮಾರ್ತಾಳಾ?

ಧರಣಿ: ಎಲ್ಲಿ ಮಾರೋದು ಮಾವ, ಹಿಡಿದಿದ್ದೆಲ್ಲ ತಾನೇ ನುಂಗ್ತಾಳೆ. ಗಂಡಂಗೂ ಕೊಡಲ್ಲ.

ಕುಪ್ಪಮ್ಮ (ಅಡುಗೆಮನೆ ಬಾಗಿಲಿನಿಂದ): ನಾನು ಹೇಳ್ಲಿಲ್ವಾ ಬಾವ?

ಮಾರಿಮುತ್ತು: ಚುಮ್ಮ ಇರು ಕುಪ್ಪಮ್ಮ. ಏನಮ್ಮ ಧರಣಿ, ಇದಕ್ಕೆಲ್ಲ ನಿನ್ನ ಒಪ್ಪಿಗೆ ಇದೆಯಾ?

ಧರಣಿ: ಒಪ್ಪಿಗೆ ಏನು ಮಾವ, ಅವಳನ್ನ ಮೊದಲು ಕಂಡು ಇವರಿಗೆ ತೋರಿಸಿಕೊಟ್ಟೋಳೇ ನಾನು.

ಕುಪ್ಪಮ್ಮ: ಕೇಳಿದ್ರಾ!

ಧರಣಿ: ನಾನಿಲ್ದಿದ್ರೆ ಇವರಿಗೆ ಎಲ್ಲಿ ಗೊತ್ತಾಗ್ತಿತ್ತು? ಹೆಣ್ಣು ಯಾವುದು ಗಂಡು ಯಾವುದು ಅಂತಾನೂ ತಿಳೀತಿರ್ಲಿಲ್ಲ ಇವರಿಗೆ.

ಮಾರಿಮುತ್ತು (ತೊಲೆಯನ್ನೇ ನೋಡುತ್ತ): ಮದುವೆ ಆಗಿ ಇಷ್ಟು ವರ್ಷ ಆದ್ಮೇಲೂನಾ?

ತಿರುಮೂರ್ತಿ: ಈಗ ಗೊತ್ತಾಗುತ್ತೆ ದೊಡ್ಡಪ್ಪ. ಎದೆ ಮೇಲೆ ಎರಡು ಕಪ್ಪು ಪಟ್ಟಿ ಇದ್ರೆ ಗಂಡು. ಒಂದೇ ಇದ್ರೆ ಹೆಣ್ಣು.

ಮಾರಿಮುತ್ತು ತಮ್ಮ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡರು.

ಧರಣಿ: ತೋರಿಸೀಂಗ, ಮಾವಂಗೆ ತೋರಿಸಿ. ಹೋದ ವಾರ ಸುಮ್ನೆ ಕೂತಿದ್ಲಲ್ಲ, ಅದು.

ತಿರುಮೂರ್ತಿ ಕತ್ತಿನಲ್ಲಿದ್ದ ಕ್ಯಾಮೆರಾವನ್ನು ಅವರ ಕಡೆ ತಿರುಗಿಸಿದ. ಮಾರಿಮುತ್ತು ಕನ್ನಡಕ ಹಾಕಿಕೊಂಡು ನೋಡಿದರು. ಕನ್ನಡಕ ತೆಗೆದು ನೋಡಿದರು.

ಮಾರಿಮುತ್ತು: ಇದು ಮೀನ್‌ಕೊತ್ತಿ ಹಕ್ಕಿ.

ಧರಣಿ: ಹೂಂ.

ಮಾರಿಮುತ್ತು: ಇದೇ ಗೋಕಿಲಾನಾ?

ಧರಣಿ: ಹೂಂ ಮಾವ. ಚೆನ್ನಾಗಿದ್ದಾಳಲ್ವಾ?

ಮಾರಿಮುತ್ತು: ಕುಪ್ಪಮ್ಮ, ಬಾ ಇಲ್ಲಿ. ಗೋಕಿಲಾಗೆ ರೆಕ್ಕೆ ಇದೆ.

ಕುಪ್ಪಮ್ಮ ಬಂದು ನೋಡಿದರು. ಎರಡು ಬಸ್ಸು ಹತ್ತಿಸಿ ಬಾವನನ್ನು ಕರೆಸಿ ಆಗಿತ್ತು. ಇನ್ನು ಹಿಂದೆ ಸರಿಯುವಂತಿರಲಿಲ್ಲ.

ಕುಪ್ಪಮ್ಮ: ರೆಕ್ಕೆ ಇರ್ಲಿ, ಇಲ್ದೆ ಹೋಗ್ಲಿ. ಜಗಳ ಜಗಳಾನೇ ಅಲ್ವಾ ಬಾವ? ಬೆಳಕು ಕಮ್ಮಿ ಅಂತ ಒಂದು ಜಗಳ, ಬೆಳಕು ಜಾಸ್ತಿ ಅಂತ ಇನ್ನೊಂದು. ಊಟಕ್ಕೆ ಕೂತ್ರೂ ಅದೇ. ಮುಂಚೆ ಈ ಮನೇಲಿ ಸೂಜಿ ಬಿದ್ರೂ ಕೇಳಿಸ್ತಿತ್ತು. ಆ ಕ್ಯಾಮೆರಾ ಪೆಟ್ಟಿಗೆ ಬಂದು ಎಲ್ಲಾ ಕೆಡ್ತು. ತಗೊಂಡು ಹೋಗ್ಬಿಡಿ ನೀವು.

ತೀರ್ಪು ಕೊಡದೆ ಎದ್ದು ಹೋದರೆ ಹಿರಿಯನೆನ್ನುವ ಹೆಸರಿಗೆ ಕುಂದು. ಮಾರಿಮುತ್ತು ಗಂಟಲು ಸರಿಮಾಡಿಕೊಂಡರು.

ಮಾರಿಮುತ್ತು: ಸರಿ. ಸ್ವಲ್ಪ ದಿನ ಇದು ಕುರಿಚೀಲಿ ನಮ್ಮನೆ ಬೀರೂಲಿ ಇರ್ಲಿ. ಕೊಡಪ್ಪ.

ಅವರು ಕೈ ಚಾಚಿದರು. ಧರಣಿ ಗಂಡನ ಮುಖ ನೋಡಿದಳು. ದೊಡ್ಡಪ್ಪನ ಮಾತಿಗೆ ಅವನು ಒಮ್ಮೆಯೂ ಎದುರಾಡಿದ್ದನ್ನು ಅವಳು ಕಂಡಿರಲಿಲ್ಲ. ಅವನ ಕೈ ಕತ್ತಿನ ಪಟ್ಟಿಗೆ ಹೋಯಿತು. ತೆಗೆದು ಕೊಟ್ಟೇಬಿಡುತ್ತಾನೆ, ನಾಳೆಯಿಂದ ಮತ್ತೆ ಬಿಸಿಲು ಜಾಸ್ತಿ ಎನ್ನುತ್ತಾನೆ ಎಂದುಕೊಂಡಳು.

ತಿರುಮೂರ್ತಿ: ಆಗಲ್ಲ ದೊಡ್ಡಪ್ಪ.

ಮಾರಿಮುತ್ತು: ಏನಂದೆ?

ತಿರುಮೂರ್ತಿ: ಅವತ್ತು ನೀವು ಮಾತಾಡು ಅಂದ್ರಿ. ಏನು ಮಾತಾಡ್ಬೇಕು ಅಂತ ಹೇಳ್ಲಿಲ್ಲ. ನನಗೂ ಗೊತ್ತಿರ್ಲಿಲ್ಲ. ಪಂಪಿನ ಫೋಟೋ ತೆಗೆದು ಗಿರಾಕಿಗಳಿಗೆ ಕಳಿಸೋಣ ಅಂತ ಇದನ್ನ ತಗೊಂಡೆ. ಒಂದಿನ ಸೂಲೂರಿಗೆ ಮೋಟಾರ್ ಕೊಟ್ಟು ಬರ್ವಾಗ ಇವಳು ಗಾಡಿ ಹಿಂದೆ ಕೂತು, ನಿಲ್ಸಿ, ಬಲಗಡೆ ನೋಡಿ ಅಂದ್ಲು. ನೋಡಿದೆ. ಅಷ್ಟು ದೂರದಲ್ಲಿ, ಇಷ್ಟೇ ಇಷ್ಟು ಹಕ್ಕಿ. ಇವಳ ಕಣ್ಣು ಅಷ್ಟು ಚುರುಕು ಅಂತ ನನಗೆ ಗೊತ್ತೇ ಇರ್ಲಿಲ್ಲ. ಒಂದೇ ಮನೇಲಿ ಇದ್ದು ಗೊತ್ತಿರ್ಲಿಲ್ಲ. ಈಗ ವರ್ಕ್‌ಶಾಪಲ್ಲಿ ತಂತಿ ಸುತ್ತುವಾಗ, ಇದನ್ನ ಇವಳಿಗೆ ಹೇಳ್ಬೇಕು ಅಂತ ಏನಾದ್ರೂ ಒಂದು ನೆನಪಾಗುತ್ತೆ. ಬಂದು ಹೇಳ್ತೀನಿ. ತಪ್ಪು ಅಂತಾಳೆ. ನಾನು ಸರಿ ಅಂತೀನಿ. ಸಾರು ಆರಿ ಹೋಗುತ್ತೆ. ನನಗೆ ಅದು ಬೇಕು ದೊಡ್ಡಪ್ಪ.

ಮದುವೆಯ ದಿನದಿಂದ ಇವತ್ತಿನವರೆಗೆ ಅವನು ಒಂದೇ ಸಲಕ್ಕೆ ಇಷ್ಟು ಮಾತಾಡಿದ್ದೇ ಇಲ್ಲ. ಧರಣಿಯ ಕಣ್ಣು ತುಂಬಿ ಬಂತು. ಅವನಿಗೆ ಏನಾದರೂ ಒಳ್ಳೆಯ ಮಾತು ಹೇಳಬೇಕೆಂದು ಬಾಯಿ ತೆರೆದಳು.

ಧರಣಿ: ಎಡಗಡೆ.

ತಿರುಮೂರ್ತಿ: ಏನು?

ಧರಣಿ: ನಾನು ಎಡಗಡೆ ನೋಡಿ ಅಂದಿದ್ದು. ಬಲಗಡೆ ಪೆಟ್ರೋಲ್ ಬಂಕು.

ತಿರುಮೂರ್ತಿ: ಬಂಕು ಎಡಗಡೆ.

ಧರಣಿ: ಹೋಗ್ವಾಗ ಎಡಗಡೆ. ನಾವು ಬರ್ತಿದ್ವಿ.

ತಿರುಮೂರ್ತಿ (ಸ್ವಲ್ಪ ಯೋಚಿಸಿ): ಹೌದು. ಬರ್ತಿದ್ವಿ.

ಕುಪ್ಪಮ್ಮ: ನೋಡಿದ್ರಾ ಬಾವ, ಶುರುವಾಯ್ತು!

ಮಾರಿಮುತ್ತು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ತೊಡೆಯ ಮೇಲಿಟ್ಟರು.

ಮಾರಿಮುತ್ತು: ನಿನ್ನ ದೊಡ್ಡಮ್ಮ ನಾಚಿಯಮ್ಮನೂ ನಾನೂ ಜಗಳ ಆಡಿ ಎಷ್ಟೋ ವರ್ಷ ಆಯ್ತು.

ಕುಪ್ಪಮ್ಮ: ಅಕ್ಕನೂ ನೀವೂ ಪುಣ್ಯ ಮಾಡಿದ್ರಿ ಬಾವ.

ಮಾರಿಮುತ್ತು: ಮಾತ್ರೆ ತಗೊಂಡ್ರಾ ಅಂತಾಳೆ. ತಗೊಂಡೆ ಅಂತೀನಿ. ಆಮೇಲೆ ಟಿವಿ ಹಾಕ್ತೀವಿ.

ಒಳಗೆ ಒಲೆಯ ಮೇಲಿನ ಬೇಳೆ ಉಕ್ಕಿದ ಸದ್ದಾಯಿತು. ಕುಪ್ಪಮ್ಮ ಕದಲಲಿಲ್ಲ.

ಮಾರಿಮುತ್ತು: ಕೊಡಪ್ಪ ಅದನ್ನ. ತಗೊಂಡು ಹೋಗಲ್ಲ, ಭಯಪಡ್ಬೇಡ. ಎಲ್ಲಿ ಒತ್ತಬೇಕು?

ಧರಣಿ: ಇಲ್ಲಿ ಮಾವ.

ತಿರುಮೂರ್ತಿ: ಸೀದಾ ಒತ್ತಬಾರ್ದು. ಮೊದಲು ಅರ್ಧ ಒತ್ತಬೇಕು.

ಧರಣಿ: ಅರ್ಧ ಒತ್ತೋವರೆಗೆ ಹಕ್ಕಿ ಕಾಯುತ್ತಾ?

ತಿರುಮೂರ್ತಿ: ಅರ್ಧ ಒತ್ತದೇ ಇದ್ರೆ ಹಕ್ಕಿ ಹಿಂದಿರೋ ಗಿಡ ಬರುತ್ತೆ. ನೀನು ತೆಗೆದಿದ್ದೆಲ್ಲಾ ಗಿಡಾನೇ.

ಧರಣಿ: ಗಿಡ ಆದ್ರೂ ಒಳುಂಗಾ, ಒಂಚೂರೂ ಮಸುಕಿಲ್ದೆ ಬಂದಿದೆ!

ಇಬ್ಬರಿಗೂ ಹಿರಿಯರ ಎದುರಿಗಿದ್ದೇವೆ ಎಂಬುದು ಆಗ ನೆನಪಾಯಿತು. ಧರಣಿ ಸೆರಗು ಸರಿಮಾಡಿಕೊಂಡಳು. ತಿರುಮೂರ್ತಿ ನೆಲ ನೋಡಿದ.

ತಿರುಮೂರ್ತಿ: ತಪ್ಪಾಯ್ತು ದೊಡ್ಡಪ್ಪ.

ಮಾರಿಮುತ್ತು (ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು): ನಿಲ್ಲಿಸ್ಬೇಡಿ, ನೀವು ಆಡಿ. ನಾನು ನೋಡ್ಕೊಂಡು ಕಲೀತೀನಿ.