ವಿಸಿಲ್ ವಾಮನ ಯಾರು?

ಉಜಿರೆಯಿಂದ ಮೂಡುಬಿದಿರೆಗೆ ಹೋಗುವ ‘ಶ್ರೀಪಂಚಮಿ’ ಬಸ್ಸಿನ ಕಂಡಕ್ಟರ್ ನಿತ್ಯಾನಂದನ ಗ್ರಹಚಾರ ಕೆಟ್ಟದ್ದು ಬೀಪಾತುಮ್ಮನ ಮೊಬೈಲಿನಿಂದ. ದಿನಾ ಬೆಳಿಗ್ಗೆ ಬಸ್ಸು ಹೊರಡುವ ಮೊದಲು ಅವನದೊಂದು ಭಾಷಣ ಇರುತ್ತದೆ. “ಚಿಲ್ಲರೆ ಕೈಯಲ್ಲಿ ಹಿಡ್ಕೊಳ್ಳಿ. ಬಾಗಿಲಲ್ಲಿ ನಿಲ್ಬೇಡಿ. ಚೀಲ ಸೀಟಿನ ಅಡಿಗೆ ಇಡಿ.” ಯಾರೂ ಕೇಳುವುದಿಲ್ಲ, ಇವನು ಬಿಡುವುದೂ ಇಲ್ಲ. ಆ ದಿನ ಭಾಷಣ ಚೀಲದವರೆಗೆ ಬಂದಿತ್ತು, ಅಷ್ಟರಲ್ಲಿ ಎದುರಿನ ಸೀಟಿನ ಬೀಪಾತುಮ್ಮ ಮೊಬೈಲು ನೋಡುತ್ತಾ, “ಬಿಟ್ಟೇ ಹೋದ ನೋಡು, ಪಾಪಿ! ನಿನ್ನ ವಿಸಿಲಿಗೆ ಬೆಂಕಿ ಬೀಳ!” ಎಂದು ಬೈದರು. ಬೈದದ್ದೇ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು.

“ಯಾರಿಗೆ ಬೈದದ್ದು?” ಎಂದ ನಿತ್ಯಾನಂದ.

“ಈ ವಿಸಿಲ್ ವಾಮನನಿಗೆ ಮಾರಾಯ್ರೆ. ನನ್ನ ಮೊಮ್ಮಗಳು ರಿಫಾ ಕಾಲೇಜಲ್ಲಿ ಮಾಡಿದ ಗೇಮು. ನಾವು ಓಡಿ ಬಸ್ಸು ಹತ್ಬೇಕು, ಇವ ಹತ್ಲಿಕ್ಕೆ ಬಿಡುವುದಿಲ್ಲ. ತೋರಿಸ್ತೇನೆ ನಿಲ್ಲಿ. ಸುರುವಿಗೆ ಒಬ್ಬ ಬಂದು ಏನೋ ಕೊರೀತಾನೆ, ಅವನನ್ನು ಹೀಗೆ ಒತ್ತಿ ದಾಟಿಸುವುದು. ಹಾಂ, ಈಗ ನೋಡಿ!”

ಪರದೆಯ ಮೇಲೆ ವಾಮನ ಬಂದ: ಖಾಕಿ ಅಂಗಿ, ದಪ್ಪ ಮೀಸೆ, ಕುತ್ತಿಗೆಯಲ್ಲಿ ವಿಸಿಲ್. ಕೊಡೆ ಹಿಡಿದ ಹೆಂಗಸೊಬ್ಬಳು ಏದುಸಿರು ಬಿಡುತ್ತಾ ಓಡಿ ಬಂದಳು. ವಾಮನ ನಡು ಬಗ್ಗಿಸಿ, “ಬನ್ನಿ ಅಕ್ಕ, ನಿಮಗೋಸ್ಕರವೇ ನಿಲ್ಲಿಸಿದ್ದು!” ಎಂದ. ಅವಳು ಮೆಟ್ಟಿಲಿಗೆ ಕಾಲಿಡುವಷ್ಟರಲ್ಲಿ, “ರೈಟ್ ಪೋಯಿ!” ಎಂದು ಹೊರಡಲು ವಿಸಿಲ್ ಊದಿದ. ಬಸ್ಸು ಹೋಯಿತು. ವಾಮನ ಕಿಟಕಿಯಿಂದ ಕೈ ಬೀಸಿ ಟಾಟಾ ಮಾಡಿದ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುತ್ತಾರಂತೆ. ನಿತ್ಯಾನಂದ ಮೀಸೆ ಮುಟ್ಟಿಕೊಂಡ. ಅಯ್ಯೋ ದೇವರೇ, ಇದು ನಾನೇ!

ಬೇರೆ ದಿನವಾಗಿದ್ದರೆ ಹಾಳಾಗಿ ಹೋಗಲಿ ಎನ್ನಬಹುದಿತ್ತು. ಆದರೆ ಉಜಿರೆಯ ‘ಬಸ್‌ಸ್ಟ್ಯಾಂಡ್ ಫ್ರೆಂಡ್ಸ್’ನವರು ‘ಜನಮೆಚ್ಚಿದ ಕಂಡಕ್ಟರ್’ ಯಾರೆಂದು ತೀರ್ಮಾನಿಸುವುದು ಅದೇ ಸಂಜೆ. ಉಳಿದದ್ದು ಇಬ್ಬರೇ: ಇವನು, ಮತ್ತು ಇವನ ಬಸ್ಸಿನ ಹಿಂದೆಯೇ ಹೊರಡುವ ‘ಗುಲ್ಶನ್’ ಬಸ್ಸಿನ ಅಸ್ಕರ್. ಶಾಲು ತನಗೇ ಎಂದು ನಿತ್ಯಾನಂದನಿಗೆ ಎಷ್ಟು ಧೈರ್ಯವೆಂದರೆ, ಹೆಂಡತಿ ಆ ಸಮಾರಂಭಕ್ಕೆಂದು ರವಿಕೆ ಹೊಲಿಸಿ ತವರಿಗೆಲ್ಲ ಫೋನು ಮಾಡಿಯಾಗಿತ್ತು. ಊರು ನಗುವ ವಿಲನ್‌ಗೆ ಯಾರು ಶಾಲು ಹೊದಿಸುತ್ತಾರೆ?

‘ಇವತ್ತು ನಾನು ವಾಮನ ಅಲ್ಲ ಅಂತ ಇಡೀ ಲೈನಿಗೆ ತೋರಿಸಿಯೇ ಸಿದ್ಧ’ ಎಂದು ನಿತ್ಯಾನಂದ ಹಲ್ಲು ಕಚ್ಚಿದ.

ಬೆಳ್ತಂಗಡಿಯಲ್ಲಿ ಬಾಗಿಲಿಗೆ ಜೋತವರಿಗೆ, “ದಯವಿಟ್ಟು ಒಳಗೆ ಹೋಗ್ತೀರಾ?” ಎಂದ. ಒಬ್ಬನೂ ಕದಲಲಿಲ್ಲ. “ನಿತ್ಯಣ್ಣ, ಹುಷಾರಿಲ್ವಾ?” ಎಂದರೊಬ್ಬರು. “ಮನೆಯಲ್ಲಿ ಜಗಳವಾ?” ಎಂದರು ಇನ್ನೊಬ್ಬರು. ಮೂರನೆಯವರು ಪಿತ್ತಕ್ಕೆ ಪುನರ್ಪುಳಿ ಶರಬತ್ತು ಒಳ್ಳೆಯದೆಂದರು.

ಗುರುವಾಯನಕೆರೆಯಲ್ಲಿ ಮರದಡಿ ಒಬ್ಬರು ನಿಂತಿದ್ದರು. ಬಿಟ್ಟು ಹೋದರೆ ವಾಮನನಾದಂತೆ! ಬಸ್ಸು ನಿಲ್ಲಿಸಿ, “ನಿಧಾನ ಬನ್ನಿ, ಅವಸರ ಬೇಡ” ಎಂದ. ಅವರು ಬರಲೂ ಇಲ್ಲ, ಹೋಗಿ ಎನ್ನಲೂ ಇಲ್ಲ. ಡ್ರೈವರ್ ಹಾರ್ನ್ ಒತ್ತಿ ಒತ್ತಿ ಸುಸ್ತಾದ ಮೇಲೆ, “ನಾನೆಂಥಕ್ಕೆ ಬರುವುದು? ಭಾವ ಕಾರು ತರ್ತಾರೆ” ಎಂದರು. ಅಷ್ಟರಲ್ಲಿ ‘ಗುಲ್ಶನ್’ ಪಕ್ಕದಿಂದ ನುಗ್ಗಿ ಮುಂದೆ ಹೋಯಿತು. ಅಸ್ಕರ್ ಕಿಟಕಿಯಿಂದ ಕೈ ಬೀಸಿದ.

ಸುಮ್ಮನಿರಬೇಕಲ್ಲ ಮಹಾರಾಯ! ವೇಣೂರು ಬರುವಷ್ಟರಲ್ಲಿ ನಿತ್ಯಾನಂದ ಸೀಟು ಸೀಟಿಗೂ ಹೋಗಿ, “ಒಂದು ಗೇಮು ಬಂದಿದೆ, ಅದರಲ್ಲಿ ವಾಮನ ಅಂತ ಇದ್ದಾನೆ. ನನ್ನ ಹಾಗೆ ಕಾಣ್ತದಾ?” ಎಂದು ಕೇಳಿದ. ಅಲ್ಲಿಯವರೆಗೆ ಆ ಗೇಮಿನ ಹೆಸರನ್ನೇ ಕೇಳದವರು ಆಗಿಂದಾಗಲೇ ಅದನ್ನು ಮೊಬೈಲಿಗೆ ಇಳಿಸಿಕೊಂಡರು. ಮೂಡುಬಿದಿರೆ ತಲುಪುವಾಗ ಇಡೀ ಬಸ್ಸು, “ರೈಟ್ ಪೋಯಿ!” ಎಂದು ಕೂಗುತ್ತಿತ್ತು. ಬಸ್ಸು ತಡವಾದದ್ದಕ್ಕೆ ಧಣಿಯ ಬೈಗುಳ ಬೇರೆ.

ಮಧ್ಯಾಹ್ನ ಉಜಿರೆಗೆ ಮರಳಿದ್ದೇ ಊಟ ಬಿಟ್ಟು ಕಾಲೇಜಿನ ಗೇಟಿಗೆ ಹೋಗಿ, ಬೀಪಾತುಮ್ಮನ ಮೊಮ್ಮಗಳು ರಿಫಾಳನ್ನು ಹಿಡಿದ.

“ನನ್ನ ಮಾನ ಹರಾಜು ಹಾಕ್ಲಿಕ್ಕೆ ನಾನೆಂಥ ಮಾಡಿದ್ದೇನೆ ನಿಂಗೆ? ಆ ವಾಮನನನ್ನು ಈಗಲೇ ತೆಗಿ!”

ರಿಫಾ ಕಣ್ಣು ಅರಳಿಸಿದಳು. “ಅಂಕಲ್, ವಾಮನ ನೀವಲ್ಲ. ಅದು ಅಸ್ಕರಣ್ಣ.”

“ಅವನಿಗೆ ಮೀಸೆಯೇ ಇಲ್ಲ!”

“ಮೀಸೆ ವಿಲನ್‌ಗೆ ಇರ್ಲಿ ಅಂತ ಇಟ್ಟದ್ದು.” ಅವಳು ಮುಂದುವರಿಸಿದಳು, “ಮೊದಲು ನಿಮ್ಮನ್ನೇ ಮಾಡುವ ಅಂತ ಇತ್ತು ಅಂಕಲ್. ನಿಮ್ಮ ಬಸ್ಸಲ್ಲಿ ಬಂದು ನೋಡಿದೆವು. ನಿಮ್ಮ ಮೇಲೆ ಸಿಟ್ಟು ಬೇಕಾದಷ್ಟು ಬರ್ತದೆ, ಅದಕ್ಕೇನೂ ಕಮ್ಮಿ ಇಲ್ಲ. ಆದ್ರೆ ನಗು ಬರುವುದಿಲ್ಲ. ಬರೀ ಸಿಟ್ಟು ಬಂದ್ರೆ ಗೇಮು ಬಂದ್ ಮಾಡಿ ಹೋಗ್ತಾರೆ. ಬರೀ ನಗು ಬಂದ್ರೆ ಅವನನ್ನು ಸೋಲಿಸುವ ಹಟವೇ ಇರುವುದಿಲ್ಲ. ಅಸ್ಕರಣ್ಣ ಮಳೆಯಲ್ಲಿ ನಮ್ಮನ್ನು ಬಿಟ್ಟು ಹೋಗ್ತಾರೆ, ಹೋಗುವಾಗ ‘ಕೊಡೆ ಚಂದ ಉಂಟು’ ಅಂತ ಹೇಳ್ತಾರೆ. ನಾವು ಬೈತೇವೆ, ಮರುದಿನ ಅದೇ ಬಸ್ಸಿಗೆ ಕಾಯ್ತೇವೆ.”

ನಿತ್ಯಾನಂದನ ಕಿವಿಗೆ ಬಿದ್ದದ್ದು ಒಂದೇ: ವಿಲನ್ ಅಸ್ಕರ್! ಅಂದರೆ ಶಾಲು ನನ್ನದು! ಮಧ್ಯಾಹ್ನದ ಟ್ರಿಪ್ಪಿಗೆ ಬೇರೊಬ್ಬನನ್ನು ಹತ್ತಿಸಿ, ಸಂಜೆಯವರೆಗೂ ಆಟೋ ಸ್ಟ್ಯಾಂಡು, ಹೂವಿನಂಗಡಿ, ಕ್ಷೌರದಂಗಡಿ ಎಂದು ಎಲ್ಲೆಡೆ ಸುತ್ತಿ, “ಗೇಮು ನೋಡಿದ್ರಾ? ಆ ವಾಮನ ಅಸ್ಕರ್ ಅಂತೆ. ಎಂಥ ಮರ್ಯಾದೆಗೇಡು!” ಎಂದು ಹೇಳಿ ಬಂದ.

ಸಂಜೆ ‘ಬಸ್‌ಸ್ಟ್ಯಾಂಡ್ ಫ್ರೆಂಡ್ಸ್’ನ ಅಧ್ಯಕ್ಷೆ ಜಲಜಾಕ್ಷಿಯ ಹೋಟೆಲಿಗೆ ಎದೆಯುಬ್ಬಿಸಿ ಹೋದರೆ ಒಳಗೆ ಕಾಲಿಡಲು ಜಾಗವಿಲ್ಲ. ಜನರ ನಡುವೆ ಅಸ್ಕರ್. ಅವನ ಜೊತೆ ಸೆಲ್ಫಿ ತೆಗೆಯಲು ಸಾಲು. “ಒಮ್ಮೆ ರೈಟ್ ಪೋಯಿ ಹೇಳಿ ಅಸ್ಕರಣ್ಣ!”

“ಬನ್ನಿ ನಿತ್ಯಣ್ಣ,” ಎಂದಳು ಜಲಜಾಕ್ಷಿ. “ಶಾಲು ಅಸ್ಕರನಿಗೆ ಅಂತ ಆಯ್ತು. ಬೇಜಾರು ಮಾಡ್ಬೇಡಿ. ಊರಿಡೀ ಅವನದ್ದೇ ಸುದ್ದಿ. ನಿಮ್ಮ ಮನಸ್ಸು ದೊಡ್ಡದು ಮಾರಾಯ್ರೆ, ಮಧ್ಯಾಹ್ನದಿಂದ ಬಿಸಿಲಲ್ಲಿ ತಿರುಗಿ ಅವನಿಗೆ ಪ್ರಚಾರ ಕೊಟ್ಟದ್ದು ನೀವೇ ಅಲ್ವಾ?”

ಹೆಂಡತಿಯ ಹೊಸ ರವಿಕೆ ನಿತ್ಯಾನಂದನ ಕಣ್ಣ ಮುಂದೆ ಬಂತು. ಕುರ್ಚಿ ಎಳೆದು ಕುಳಿತ. ಪಕ್ಕದಲ್ಲಿ ಬೀಪಾತುಮ್ಮ ಚಾ ಕುಡಿಯುತ್ತಾ ಅದೇ ಗೇಮು ತೆರೆಯುತ್ತಿದ್ದರು.

“ಬೇಸರ ಎಂಥಕ್ಕೆ? ನೀವೂ ಇದ್ದೀರಿ ಇದರಲ್ಲಿ. ರಿಫಾ ಈಗ ಹೇಳಿದಳು, ನನಗೂ ಗೊತ್ತಿರಲಿಲ್ಲ.”

“ನಾನಾ? ಎಲ್ಲಿ?” ನಿತ್ಯಾನಂದನಿಗೆ ಹೋದ ಜೀವ ಬಂದಂತಾಯಿತು.

ಪರದೆಯ ಮೇಲೆ ಖಾಕಿ ತೊಟ್ಟ ಒಬ್ಬ ಬಂದು ನೆಟ್ಟಗೆ ನಿಂತು, ಬೆರಳೆತ್ತಿ ಶುರು ಮಾಡಿದ. “ಚಿಲ್ಲರೆ ಕೈಯಲ್ಲಿ ಹಿಡ್ಕೊಳ್ಳಿ. ಬಾಗಿಲಲ್ಲಿ ನಿಲ್ಬೇಡಿ. ಚೀಲ...”

“ನಿಲ್ಲಿ, ಇವ ಹೋದ ಮೇಲೆ ಮಜಾ ಉಂಟು” ಎನ್ನುತ್ತಾ ಬೀಪಾತುಮ್ಮ ಅಭ್ಯಾಸಬಲದಿಂದ ಹೆಬ್ಬೆರಳು ಒತ್ತಿ ಅವನನ್ನು ದಾಟಿಸಿಬಿಟ್ಟರು.